ಡಬ್ಬಿ ಕಳುವಾದರೂ ತೋಟದ ಗುಟ್ಟು ಹೋಗಬಾರದು

ನಮ್ಮ ಕಾಫಿ ತೋಟ ಸಕಲೇಶಪುರದ ಕಡೆ. ಸಿಲ್ವರ್ ಓಕ್ ಮರಗಳಿಗೆ ಕಟ್ಟಿದ 12 ಡಬ್ಬಿಗಳು ಮಣ್ಣಿನ ತೇವ ಅಳೆಯುತ್ತವೆ, ಸ್ಪ್ರಿಂಕ್ಲರ್ ಯಾವಾಗ ಓಡಿತು ಅಂತ ಬರೆದಿಡುತ್ತವೆ. ಒಳಗೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್, ಲೈಸೆನ್ಸ್ ಬೇಡದ 865–867 ಮೆಗಾಹರ್ಟ್ಸ್‌ನ ಲೋರಾ ಅನ್ನೋ, ಕಡಿಮೆ ವಿದ್ಯುತ್ತಿನಲ್ಲೇ ದೂರ ಮುಟ್ಟುವ ರೇಡಿಯೊ. ತೋಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. 15 ದಿನಕ್ಕೊಮ್ಮೆ ನಾನೇ ರಿಸೀವರ್ ಹಿಡಿದು ಸುತ್ತಿ ಲೆಕ್ಕ ತರುತ್ತೇನೆ. ಉಳಿದ ದಿನ ಅವುಗಳನ್ನು ಕೇಳೋರಿಲ್ಲ.

ಹೋದ ವರ್ಷ ಒಂದು ಡಬ್ಬಿ ಕಾಣೆಯಾಯಿತು. ಕತ್ತರಿಸಿದ ತಂತಿ ಮರದಲ್ಲೇ ನೇತಾಡುತ್ತಿತ್ತು. 12ಕ್ಕೂ ಒಂದೇ ಕೀ, ಅಂದರೆ ದಾಖಲೆಗೆ ಬೀಗ ಹಾಕಿ ತೆರೆಯುವ ಗುಪ್ತ ಸಂಖ್ಯೆ, ಹಾಕಿದ್ದೆ. ಒಂದು ಹೋದರೆ ಎಲ್ಲವೂ ಹೋದ ಹಾಗೆ, ಅಲ್ವಾ? ಉಳಿದ 11ನ್ನೂ ಏಣಿ ಹತ್ತಿ ಇಳಿಸಿದೆ. ಈಗ ಮಾಡುವ ಕ್ರಮ ಹೀಗಿದೆ.

ಪ್ರತಿ ಡಬ್ಬಿಗೂ ಬೇರೆ ಕೀ ಕೊಡಿ. ಅದನ್ನು ಪ್ರೋಗ್ರಾಮ್ ಒಳಗೆ ಬರೆಯಬೇಡಿ, ಕಟ್ಟುವ ದಿನ ಕೇಬಲ್‌ನಲ್ಲಿ ತುಂಬಿ. ಮೊದಲ ಕೀಯ ಪ್ರತಿ ಮನೆಯಲ್ಲಿ ಮಾತ್ರ ಇರಲಿ.

ಅಳತೆ ಬಂದ ತಕ್ಷಣ ಅದನ್ನು ಆ ಹೊತ್ತಿನ ಕೀಯಿಂದ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದವರಿಗೆ ಓದಲಾಗದ ಹಾಗೆ ಮಾಡಿ. ಆಮೇಲೆ ಆ ಕೀಯನ್ನು ಎಸ್‌ಎಚ್‌ಎ-256 ಅನ್ನೋ ಗಣಿತ ಸೂತ್ರಕ್ಕೆ ಕೊಟ್ಟು ಹೊಸ ಕೀ ಪಡೆದು, ಹಳೆಯದನ್ನು ಅಳಿಸಿ. ಈ ಲೆಕ್ಕ ಹಿಂದಕ್ಕೆ ಓಡುವುದಿಲ್ಲ. ಕದ್ದವನಿಗೆ ಇವತ್ತಿನ ಕೀ ಸಿಗಬಹುದು, ನಿನ್ನೆಯ ದಾಖಲೆ ತೆರೆಯುವುದಿಲ್ಲ. ಮುಂದಿನ ಕೀಗಳನ್ನು ಮಾತ್ರ, ಮನೆಯಲ್ಲಿರುವ ಮೊದಲ ಕೀಯಿಂದ ನಾವು ಮಾಡುವ ಹಾಗೆ, ಅವನೂ ಲೆಕ್ಕ ಹಾಕಬಲ್ಲ. ಹಾಗಾಗಿ ಕಾಣೆಯಾದ ಡಬ್ಬಿಯ ನಂಬರನ್ನು ರಿಸೀವರ್‌ನಿಂದ ಅವತ್ತೇ ತೆಗೆದುಹಾಕಿ.

ಅಳಿಸುವ ಕೆಲಸ ಕೇಳಿದಷ್ಟು ಸುಲಭವಲ್ಲ. ಇಎಸ್‌ಪಿ32ರ ಎನ್‌ವಿಎಸ್‌ನಲ್ಲಿ (ಫ್ಲ್ಯಾಶ್ ಮೆಮೊರಿಯಲ್ಲಿ, ಕರೆಂಟ್ ಹೋದರೂ ಉಳಿಯುವ ಸಂಗ್ರಹ) ಹೊಸ ಕೀ ಬರೆದರೆ ಅದು ಬೇರೆ ಜಾಗದಲ್ಲಿ ಕೂರುತ್ತದೆ. ಹಳೆಯದಕ್ಕೆ ‘ಅಳಿಸಿದೆ’ ಅನ್ನೋ ಗುರುತು ಬೀಳುತ್ತದೆ ಅಷ್ಟೇ. ಆ ಪುಟ ಪೂರ್ತಿ ಅಳಿಯುವ ತನಕ ಬೈಟುಗಳು ಅಲ್ಲೇ ಇರುತ್ತವೆ. ಇದು ಗೊತ್ತಾದ ಮೇಲೆ ನಾನು ಕೀ ಇಡಲು ಎಫ್‌ರಾಮ್ ಅನ್ನೋ ಸಣ್ಣದೊಂದು ಮೆಮೊರಿ ಚಿಪ್ ಹಾಕಿದೆ. ಅದರಲ್ಲಿ ಹಳೆಯದರ ಮೇಲೆಯೇ ಹೊಸದನ್ನು ಬರೆಯಬಹುದು.

ದಾಖಲೆಗಳಿಗೆ ಕ್ರಮಸಂಖ್ಯೆ ಹಾಕಿ, ಒಂದೊಂದು ಪ್ರತಿಯನ್ನು ಪಕ್ಕದ ಎರಡು ಡಬ್ಬಿಗಳಿಗೆ ಕಳಿಸಿ. ಡಬ್ಬಿಯೇ ಹೋದರೂ ಲೆಕ್ಕ ಉಳಿಯುತ್ತದೆ, ನಡುವೆ ಯಾರಾದರೂ ಅಳಿಸಿದ್ದರೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸುವುದಿಲ್ಲ. ಸ್ಪ್ರಿಂಕ್ಲರ್ ಓಡಿದಾಗ ಮಾತ್ರ ರೇಡಿಯೊ ಮಾತಾಡಿದರೆ, ಒಳಗಿನದು ಓದಲಾಗದಿದ್ದರೂ ತೋಟದಲ್ಲಿ ಆಳುಗಳು ಯಾವಾಗ ಇರುತ್ತಾರೆ, ಯಾವಾಗ ಇರಲ್ಲ ಅಂತ ರಸ್ತೆಯಲ್ಲಿ ಕೂತವನಿಗೆ ತಿಳಿಯುತ್ತದೆ. ಲೋರಾ ಬೇಲಿ ದಾಟಿ ದೂರ ಹೋಗುತ್ತದೆ. ಮೆಣಸು ಕೊಯ್ಲಿನ ದಿನಗಳಲ್ಲಿ ಇದು ಸಣ್ಣ ವಿಷಯವಲ್ಲ. ಹೇಳುವುದಿರಲಿ ಇಲ್ಲದಿರಲಿ, ಅರ್ಧ ಗಂಟೆಗೊಮ್ಮೆ ಒಂದೇ ಗಾತ್ರದ ಪ್ಯಾಕೆಟ್ (ರೇಡಿಯೊ ಸಂದೇಶ) ಹೋಗಲಿ. ಬ್ಯಾಟರಿ ಸ್ವಲ್ಪ ಹೆಚ್ಚು ತಿನ್ನುತ್ತದೆ, ತಿನ್ನಲಿ.

ಕೊನೆಗೆ ಫ್ಲ್ಯಾಶ್ ಎನ್‌ಕ್ರಿಪ್ಶನ್ ಹಾಕಿ, ಅಂದರೆ ಬೋರ್ಡಿನ ಫ್ಲ್ಯಾಶ್ ಮೆಮೊರಿಯನ್ನೂ ಹೊರಗಿನವರು ಓದಲಾಗದ ಹಾಗೆ ಮಾಡಿ. ಇದಕ್ಕೆ ಸುಡುವ ಇ-ಫ್ಯೂಸ್ (ಚಿಪ್ ಒಳಗೆ ಒಮ್ಮೆ ಮಾತ್ರ ಬರೆಯಬಲ್ಲ ಗುರುತು) ಮತ್ತೆ ಮೊದಲಿನ ಹಾಗಾಗದು, ಆದ್ದರಿಂದ ಒಂದು ಬಿಡಿ ಬೋರ್ಡ್ ಮೇಲೆ ಮೊದಲು ಕಲಿಯಿರಿ. ಹಾಕುವ ಮುಂಚೆ ಒಂದು ಪರೀಕ್ಷೆ ಇದೆ. ಡಬ್ಬಿಯನ್ನು ಎರಡು ದಿನ ಓಡಿಸಿ, ಕಳ್ಳ ಮಾಡುವ ಹಾಗೆ ಫ್ಲ್ಯಾಶ್ ಮತ್ತು ಎಫ್‌ರಾಮ್ ಎರಡನ್ನೂ ಪೂರ್ತಿ ಓದಿ ಲ್ಯಾಪ್‌ಟಾಪ್‌ಗೆ ಇಳಿಸಿ. ನಿನ್ನೆಯ ಕೀಯ ಬೈಟುಗಳನ್ನು ಅದರಲ್ಲಿ ಹುಡುಕಿ. ಸಿಕ್ಕರೆ ಆ ಡಬ್ಬಿಯನ್ನು ಇನ್ನೂ ಮರಕ್ಕೆ ಕಟ್ಟಬೇಡಿ.