ಹೊಡೆಯದೇ ಉಳಿದ ಶಾಟ್‌ಗಳ ಲೆಕ್ಕ: ಸೆಲ್ಟಿಕ್ಸ್ ಡಿಫೆಂಡರ್‌ಗಳನ್ನು ನಾನು ಅಳೆದ ಬಗೆ

ಬೋಸ್ಟನ್ ಸೆಲ್ಟಿಕ್ಸ್ ಬಾಸ್ಕೆಟ್‌ಬಾಲ್ ತಂಡದ ಇತಿಹಾಸದಲ್ಲಿ ಅತ್ಯುತ್ತಮ ಡಿಫೆಂಡರ್, ಅಂದರೆ ಎದುರಾಳಿಯನ್ನು ತಡೆಯುವ ಆಟಗಾರ, ಯಾರು ಎಂಬ ವಾದ ನಮ್ಮ ಗೆಳೆಯರ ನಡುವೆ ಏಳೆಂಟು ವರ್ಷ ನಡೆದಿತ್ತು. ಬಿಲ್ ರಸೆಲ್ ಮೊದಲಿಗರು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಜಗಳವೆಲ್ಲ ಅವರ ನಂತರದ ಸ್ಥಾನಗಳಿಗಾಗಿ. ಎದುರಾಳಿ ಹೊಡೆಯದೇ ಬಿಟ್ಟ ಶಾಟ್‌ಗಳನ್ನು ಎಣಿಸುತ್ತೇನೆ ಎಂದು ನಾನು ಹೇಳಿದಾಗ, ನಡೆಯದೇ ಇದ್ದದ್ದನ್ನು ಎಣಿಸುವುದು ಹೇಗೆ ಎಂದು ನಕ್ಕವರೇ ಹೆಚ್ಚು.

ಅದಕ್ಕೂ ಮುನ್ನ ಎರಡು ಸಲ ಮುಗ್ಗರಿಸಿದ್ದೆ. ಬ್ಲಾಕ್ (ಎದುರಾಳಿಯ ಶಾಟ್ ತಟ್ಟಿ ತಡೆದದ್ದು) ಮತ್ತು ಸ್ಟೀಲ್‌ಗಳನ್ನು (ಚೆಂಡು ಕಸಿದದ್ದು) ಕೂಡಿಸಿದ ಮೊದಲ ಪಟ್ಟಿಯಲ್ಲಿ ರಸೆಲ್ ಅವರಿಗೆ ಸೊನ್ನೆ ಬಂತು, ಏಕೆಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇವೆರಡನ್ನೂ ದಾಖಲಿಸತೊಡಗಿದ್ದು 1973-74ರಲ್ಲಿ, ಅವರು ನಿವೃತ್ತರಾದದ್ದು 1969ರಲ್ಲಿ. ಪ್ರಶಸ್ತಿಗಳನ್ನು ಎಣಿಸಿದ ಎರಡನೆಯ ಪಟ್ಟಿ ಇನ್ನೂ ಕೆಟ್ಟದಾಯಿತು. ವರ್ಷದ ಅತ್ಯುತ್ತಮ ಡಿಫೆಂಡರ್‌ಗಳನ್ನು ಹೆಸರಿಸುವ ಆಲ್ ಡಿಫೆನ್ಸಿವ್ ತಂಡದ ಆಯ್ಕೆ ಶುರುವಾದದ್ದೇ 1968-69ರಲ್ಲಿ. ಹೀಗಾಗಿ ಜಾನ್ ಹ್ಯಾವ್ಲಿಚೆಕ್ ಅವರಿಗೆ ಎಂಟು, ರಸೆಲ್ ಅವರಿಗೆ ಒಂದು, 1967ರಲ್ಲೇ ಆಟ ನಿಲ್ಲಿಸಿದ ಕೆ.ಸಿ. ಜೋನ್ಸ್ ಅವರಿಗೆ ಒಂದೂ ಇಲ್ಲ.

ಕೊನೆಗೆ ಪಂದ್ಯಗಳನ್ನೇ ನೋಡಿ ಎಣಿಸಲು ಕೂತೆ. ಮೊದಲು ತರಿಸಿದ ಡಿವಿಡಿಗಳಿಗೆ ಸುಮಾರು 150 ಡಾಲರ್ ನೀರಿನಲ್ಲಿ ಹೋಯಿತು. ಪೂರ್ಣ ಪಂದ್ಯವೆಂದು ಮಾರಿದವನು ಕಳಿಸಿದ್ದು ಬರೀ ಬಾಸ್ಕೆಟ್ ಬಿದ್ದ ತುಣುಕುಗಳನ್ನು, ನನಗೆ ಬೇಕಾಗಿದ್ದದ್ದೋ ಅವನು ಕತ್ತರಿಸಿ ಎಸೆದ ಭಾಗ. ಮತ್ತೆ ಅಷ್ಟೇ ಹಣ ಸುರಿದ ಮೇಲೆ ನಲವತ್ತರ ಆಸುಪಾಸು ಪೂರ್ತಿ ಪಂದ್ಯಗಳು ಕೈಸೇರಿದವು.

ನಿಯಮ ಸರಳವಾಗಿತ್ತು. ಬುಟ್ಟಿಯ ಮುಂದಿನ ಜಾಗವಾದ ಪೇಂಟ್‌ಗೆ ನುಗ್ಗಿದವನು ಡಿಫೆಂಡರ್‌ನನ್ನು ಕಂಡು ಮನಸ್ಸು ಬದಲಿಸಿ ಚೆಂಡನ್ನು ಹೊರಗೆ ದಾಟಿಸಿದರೆ ಒಂದು ಗೀಟು. ಕೆವಿನ್ ಗಾರ್ನೆಟ್ ಹೆಸರಿನ ಮುಂದೆ ಗೀಟುಗಳು ಬೇಗ ತುಂಬಿದವು. ಸೀಟಿ ಊದಿ ಆಟ ನಿಂತ ಮೇಲೆ ಎದುರಾಳಿ ಸುಮ್ಮನೆ ಎಸೆದ ಚೆಂಡನ್ನೂ ಆತ ಹಾರಿ ತಟ್ಟಿಬಿಡುತ್ತಿದ್ದರು. ಅದಕ್ಕೆ ಗೀಟು ಹಾಕುವಂತಿರಲಿಲ್ಲ, ಹಾಕಬೇಕೆಂದು ಕೈ ಮಾತ್ರ ತುರಿಸುತ್ತಿತ್ತು.

ಆದರೆ ಬುಟ್ಟಿಯಿಂದ ದೂರ ದುಡಿಯುವ ಗಾರ್ಡ್‌ಗಳಿಗೆ ಈ ನಿಯಮ ಅನ್ಯಾಯ ಮಾಡುತ್ತಿತ್ತು. 1984ರ ಫೈನಲ್ಸ್‌ನ ನಾಲ್ಕನೆಯ ಪಂದ್ಯದಿಂದ ಎದುರಾಳಿ ಲೇಕರ್ಸ್ ತಂಡದ ಮ್ಯಾಜಿಕ್ ಜಾನ್ಸನ್ ಅವರನ್ನು ತಡೆಯುವ ಕೆಲಸ ಸೆಲ್ಟಿಕ್ಸ್‌ನ ಗಾರ್ಡ್ ಡೆನ್ನಿಸ್ ಜಾನ್ಸನ್ ಪಾಲಿಗೆ ಬಂತು. ಹಾಗೆ ಬದಲಿಸಿದ ಕೋಚ್ ಅದೇ ಕೆ.ಸಿ. ಜೋನ್ಸ್. ಅದನ್ನು ನೋಡುವಾಗಲೇ, ಡ್ರಿಬಲ್ ನಿಲ್ಲಿಸಿ ಬೇರೆಯವನಿಗೆ ಚೆಂಡು ಒಪ್ಪಿಸುವಂತೆ ಮಾಡಿದವರಿಗೆ ಅರ್ಧ ಗೀಟು ಕೊಡಬೇಕೆಂದು ಹೊಳೆಯಿತು. ಇದೇ ಸಂದರ್ಭದಲ್ಲಿ ಒಂದು ಪಂದ್ಯವನ್ನು ಸದ್ದು ಆರಿಸಿ ಮತ್ತೊಮ್ಮೆ ನೋಡಿದಾಗ, ವೀಕ್ಷಕ ವಿವರಣೆ ಹೊಗಳಿದವರಿಗೆ ನಾನು ನಾಲ್ಕೈದು ಗೀಟು ಹೆಚ್ಚಿಗೆ ಕೊಟ್ಟಿದ್ದು ಬಯಲಾಯಿತು. ಅಲ್ಲಿಂದ ಮುಂದೆ ಎಲ್ಲವನ್ನೂ ಮೂಕವಾಗಿಯೇ ನೋಡಿದೆ. ಬೇರೆ ಬೇರೆ ದಶಕಗಳ ಆಟದ ವೇಗವನ್ನು ಸರಿದೂಗಿಸಿದ್ದು ಹೇಗೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೆಚ್ಚು ನಕ್ಕಿದ್ದ ಗೆಳೆಯನಿಗೇ ಹತ್ತು ಪಂದ್ಯ ಕೊಟ್ಟು ಬೇರೆಯಾಗಿ ಎಣಿಸಲು ಹೇಳಿದೆ. ಪಂದ್ಯಕ್ಕೆ ಮೂರು ಗೀಟಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ, ಆಮೇಲೆ ಅವನು ನಗಲೂ ಇಲ್ಲ. ಗಾರ್ನೆಟ್ ಎರಡನೆಯವರು, ಡೆನ್ನಿಸ್ ಜಾನ್ಸನ್ ಮೂರನೆಯವರು. 1996ರ ಗ್ಯಾರಿ ಪೇಟನ್ ನಂತರ ಯಾವ ಗಾರ್ಡ್‌ಗೂ ದಕ್ಕದಿದ್ದ ವರ್ಷದ ಡಿಫೆನ್ಸಿವ್ ಆಟಗಾರ ಪ್ರಶಸ್ತಿಯನ್ನು 2022ರಲ್ಲಿ ಗೆದ್ದ ಮಾರ್ಕಸ್ ಸ್ಮಾರ್ಟ್, ಕೂದಲೆಳೆಯ ಅಂತರದಲ್ಲಿ ನಾಲ್ಕನೆಯವರಾದರು. ಕೆ.ಸಿ. ಜೋನ್ಸ್ ಆಡಿದ ಪೂರ್ಣ ಪಂದ್ಯ ಒಂದೂ ನನಗೆ ಸಿಗದ ಕಾರಣ ಅವರ ಹೆಸರಿನ ಮುಂದಿನ ಜಾಗ ಇನ್ನೂ ಖಾಲಿಯಿದೆ.