ಸೆನ್ಸಾರ್ ಕಣ್ಣಿಗೆ ಬೀಳದ ಹಾಗೆ ವೆಬ್ ಪ್ರಾಕ್ಸಿ ಕಟ್ಟೋದು ಹೇಗೆ

ಬ್ಲಾಕ್ ಆಗಿರೋ ಪೇಜನ್ನ ತಂದು ತೋರ್ಸೋ ಪ್ರಾಕ್ಸಿ ಬರೆಯೋದೇನು ಅಂಥ ದೊಡ್ಡ ಕೆಲ್ಸ ಅಲ್ಲ, ಕೋಡಿಂಗ್ ಗೊತ್ತಿರೋರು ಶನಿವಾರ ಭಾನುವಾರ ಕೂತ್ರೆ ಮುಗಿಯತ್ತೆ. ಅದು ತಿಂಗಳುಗಟ್ಟಲೆ ಸಿಕ್ಕಿಬೀಳ್ದೆ ಉಳ್ಕೊಬೇಕು, ಬಳಸೋರ್ನೂ ಸಿಕ್ಕಿಸಬಾರ್ದು, ಕಷ್ಟ ಇರೋದು ಅಲ್ಲಿ.

ಮೊದ್ಲು ಬ್ಲಾಕ್ ಹೇಗೆ ಮಾಡಿದಾರೆ ಅಂತ ನೋಡ್ಕೊಳಿ. ಬರೀ ಡಿಎನ್‌ಎಸ್‌ನಲ್ಲಿ, ಅಂದ್ರೆ ಸೈಟ್ ಹೆಸ್ರನ್ನ ಐಪಿ ಅನ್ನೋ ಅಡ್ರೆಸ್ ನಂಬರ್ ಆಗಿ ಬದಲಾಯಿಸೋ ವ್ಯವಸ್ಥೆಯಲ್ಲಿ, ಸುಳ್ಳು ಐಪಿ ಕೊಡ್ತಿದ್ರೆ ಪ್ರಾಕ್ಸಿನೇ ಬೇಡ, ಬ್ರೌಸರ್‌ನಲ್ಲಿ ಎನ್‌ಕ್ರಿಪ್ಟೆಡ್ ಡಿಎನ್‌ಎಸ್ ಆನ್ ಮಾಡಿದ್ರೆ ಎಷ್ಟೋ ಸಲ ಸಾಕಾಗತ್ತೆ. ಐಪಿನೇ ಬ್ಲಾಕ್ ಮಾಡಿದ್ರೆ, ಇಲ್ಲಾ ಕನೆಕ್ಷನ್ ಒಳಗಿನ ಸೈಟ್ ಹೆಸ್ರು ನೋಡಿ ಕಟ್ ಮಾಡ್ತಿದ್ರೆ ಆಗ ಪ್ರಾಕ್ಸಿ ಬೇಕು.

ಆ ಹೆಸ್ರು ಎಲ್ಲಿ ಕಾಣತ್ತೆ ಅನ್ನೋದು ಗೊತ್ತಿದ್ರೆ ಅರ್ಧ ಡಿಸೈನ್ ತಾನಾಗೇ ಬರತ್ತೆ. ಬ್ರೌಸರ್ 443 ಪೋರ್ಟ್‌ಗೆ ಹೋಗಿ ಕಳ್ಸೋ ಮೊದಲನೇ ಟಿಎಲ್‌ಎಸ್ (ಎನ್‌ಕ್ರಿಪ್ಶನ್ ಶುರು ಮಾಡೋ) ಮೆಸೇಜ್‌ನಲ್ಲಿ ಡೊಮೇನ್ ಹೆಸ್ರು ಸಾಮಾನ್ಯವಾಗಿ ಬಿಚ್ಚಿಟ್ಟ ಹಾಗೇ ಇರತ್ತೆ, ಅದನ್ನೇ ಎಸ್‌ಎನ್‌ಐ ಅನ್ನೋದು, ಮಧ್ಯದಲ್ಲಿ ಕೂತಿರೋ ಯಾರು ಬೇಕಾದ್ರೂ ಓದ್ಬೋದು. ಆದ್ರೆ ಡೊಮೇನ್ ಆದ್ಮೇಲೆ ಸ್ಲ್ಯಾಷ್ ಹಾಕಿ ಬರೋ ಪಾತ್ ಎನ್‌ಕ್ರಿಪ್ಟ್ ಆಗೋಗಿರತ್ತೆ, ಅದು ಕಾಣಲ್ಲ. ಹಾಗಾಗಿ ಪ್ರಾಕ್ಸಿ ತೆರೆಯೋ ಗುಟ್ಟು ಏನಿದ್ರೂ ಪಾತ್‌ನಲ್ಲಿ ಇಡಿ, ಸಬ್‌ಡೊಮೇನ್‌ನಲ್ಲಿ ಬೇಡ್ವೇ ಬೇಡ. ಸಬ್‌ಡೊಮೇನ್‌ಗೆ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತಗೊಂಡ್ರಿ ಅಂದ್ರೆ ಆ ಹೆಸ್ರು ಪಬ್ಲಿಕ್ ಲಾಗ್‌ಗೆ ಹೋಗತ್ತೆ, ಅದನ್ನ ಯಾರು ಬೇಕಾದ್ರೂ ಹುಡುಕ್ಬೋದು.

ಇನ್ನು ಡೊಮೇನ್‌ನ ಮುಖಪುಟದಲ್ಲಿ ಯಾರಿಗೂ ಆಸಕ್ತಿ ಬರದಂಥ ಒಂದು ಸಪ್ಪೆ ಸೈಟ್ ಇರ್ಲಿ, ನಿಜವಾದ ಪೇಜುಗಳಿರೋ ಸೈಟ್. ಯಾಕಂದ್ರೆ ಸೆನ್ಸಾರ್ ಸುಮ್ನೆ ನೋಡ್ತಾ ಕೂರಲ್ಲ, ಚೀನಾದ ಗ್ರೇಟ್ ಫೈರ್‌ವಾಲ್ 2011ರ ಹೊತ್ತಿಗೇ ಟಾರ್ ಬ್ರಿಡ್ಜ್ (ಗುರುತು ಮರೆಸಿ ಬ್ರೌಸ್ ಮಾಡಿಸೋ ಟಾರ್ ನೆಟ್‌ವರ್ಕ್‌ಗೆ ಗುಟ್ಟಿನ ಬಾಗಿಲು) ಇರ್ಬೋದು ಅಂತ ಅನುಮಾನ ಬಂದ ಸರ್ವರ್‌ಗೆ ತಾನೇ ಕನೆಕ್ಟ್ ಆಗಿ ಚೆಕ್ ಮಾಡ್ತಿತ್ತು. ಹಾಗೆ ಬಂದು ಬಾಗಿಲು ತಟ್ಟಿದವ್ರಿಗೆ, ತಪ್ಪು ಪಾತ್ ಕೊಟ್ಟವ್ರಿಗೆ, ನಿಮ್ಮ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ ಬೇರೆಯವ್ರಿಗೆ ಕೊಡೋ ಅದೇ 404 (ಪೇಜ್ ಇಲ್ಲ ಅನ್ನೋ) ಪೇಜ್ ಹೋಗ್ಬೇಕು, ಅದೇ ಹೆಡರ್ (ಪೇಜ್ ಜೊತೆ ಹೋಗೋ ಸೂಚನೆಗಳು), ಅದೇ ಸೈಜ್. ಪಾಸ್‌ವರ್ಡ್ ಕೇಳೋ ಬಾಕ್ಸ್ ತೋರ್ಸಿದ್ರೆ ಇಲ್ಲೇನೋ ಬಚ್ಚಿಟ್ಟಿದೀವಿ ಅಂತ ನೀವೇ ಹೇಳಿದ ಹಾಗೆ.

ಈಗ ಪೇಜ್ ರೀರೈಟ್ ಮಾಡೋ ವಿಷ್ಯ. ನಿಮ್ಮ ಸರ್ವರ್ ಪೇಜ್ ತಂದ್ಮೇಲೆ ಅದ್ರೊಳಗಿನ ಎಲ್ಲಾ ಲಿಂಕೂ ನಿಮ್ಮ ಡೊಮೇನ್‌ಗೆ ತಿರುಗ್ಬೇಕು, ಇಮೇಜ್ ಅಡ್ರೆಸ್, ಸಿಎಸ್‌ಎಸ್ ಒಳಗಿನ ಯುಆರ್‌ಎಲ್, ಫಾರ್ಮ್ ಹೋಗೋ ಜಾಗ, ರೀಡೈರೆಕ್ಟ್ ಹೆಡರ್ ಎಲ್ಲಾ. ಒಂದೇ ಒಂದು ಚಿಕ್ಕ ಇಮೇಜ್ ಬಿಟ್ಟೋದ್ರೂ ಬಳಸೋರ ಬ್ರೌಸರ್ ಅದನ್ನ ತರೋಕೆ ನೇರವಾಗಿ ಬ್ಲಾಕ್ ಆಗಿರೋ ಸೈಟ್‌ಗೇ ಹೋಗತ್ತೆ, ಯಾವ ಸೈಟ್ ನೋಡ್ತಿದಾರೆ ಅಂತ ಸೆನ್ಸಾರ್‌ಗೆ ಗೊತ್ತಾಗೋಗತ್ತೆ, ಅಷ್ಟೂ ಶ್ರಮ ನೀರಲ್ಲಿ ಹೋಮ. ಇದಕ್ಕೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಹೆಡರ್ ಹಾಕಿ, ಮೂಲ ಸೈಟ್‌ದು ತೆಗೆದು ನಿಮ್ದು, ನಮ್ಮ ಡೊಮೇನ್ ಬಿಟ್ಟು ಬೇರೆ ಕಡೆಯಿಂದ ಏನೂ ಲೋಡ್ ಮಾಡ್ಬೇಡ ಅಂತ, ಫಾರ್ಮ್‌ಗೆ ಬೇರೆ ರೂಲ್ ಇದೆ ಅದನ್ನೂ ಸೇರ್ಸಿ. ಆಗ ಬಿಟ್ಟೋದ ಇಮೇಜ್ ಕಾಣಲ್ಲ ಅಷ್ಟೇ, ಸೋರಲ್ಲ. ಲಿಂಕ್ ಒತ್ತಿ ಹೋಗೋದನ್ನ ಈ ಹೆಡರ್ ತಡೆಯಲ್ಲ, ಅದು ನಿಮ್ಮ ರೀರೈಟರ್ ತಲೆನೋವು. ರೆಫರರ್, ಅಂದ್ರೆ ಯಾವ ಪೇಜಿಂದ ಬಂದ್ರು ಅನ್ನೋ ಅಡ್ರೆಸ್, ಕಳಿಸ್ಬೇಡ ಅನ್ನೋ ಹೆಡರ್ ಕೂಡ ಬೇಕು, ಇಲ್ಲಾಂದ್ರೆ ಗುಟ್ಟಿನ ಪಾತ್ ಬೇರೆ ಸೈಟ್‌ನೋರ ಲಾಗ್‌ಗೆ ಹೋಗ್ಬೋದು.

ಜಾವಾಸ್ಕ್ರಿಪ್ಟ್ ಅಂತೂ ಪೂರ್ತಿ ಕಿತ್ತಾಕಿ ಅಂತೀನಿ ನಾನು. ಅದು ಓಡ್ತಾ ಓಡ್ತಾ ಹೊಸ ಯುಆರ್‌ಎಲ್ ಹುಟ್ಟಿಸತ್ತೆ, ಜೊತೆಗೆ ಎಲ್ಲಾ ಸೈಟೂ ನಿಮ್ಮ ಒಂದೇ ಡೊಮೇನ್‌ನಿಂದ ಬರೋದ್ರಿಂದ ಬ್ರೌಸರ್‌ಗೆ ಅವೆಲ್ಲಾ ಒಂದೇ ಸೈಟ್ ಥರ ಕಾಣತ್ತೆ, ಒಂದರ ಸ್ಕ್ರಿಪ್ಟ್ ಇನ್ನೊಂದರ ಕುಕೀ ಓದ್ಬೋದು. ನ್ಯೂಸ್ ಓದೋಕೆ, ವಿಕಿಪೀಡಿಯ ನೋಡೋಕೆ ಸ್ಕ್ರಿಪ್ಟ್ ಇಲ್ದೆ ನಡಿಯತ್ತೆ. ಲಾಗಿನ್ ಬೇಕು ಅನ್ನೋರ್ನ ಟಾರ್ ಕಡೆ ಕಳ್ಸಿ, ಯಾಕಂದ್ರೆ ಎನ್‌ಕ್ರಿಪ್ಶನ್ ನಿಮ್ಮ ಸರ್ವರ್‌ನಲ್ಲಿ ಬಿಚ್ಚೋದ್ರಿಂದ ಅವ್ರ ಪಾಸ್‌ವರ್ಡ್ ನಿಮ್ಗೂ ಕಾಣೋ ಹಾಗಿರತ್ತೆ, ಇದನ್ನ ಬಳಸೋರಿಗೆ ಮುಚ್ಚುಮರೆ ಇಲ್ದೆ ಹೇಳ್ಬೇಕು.

ಸರ್ವರ್ ಭದ್ರತೆಗೆ 127.0.0.1 (ಸರ್ವರ್ ತನ್ನನ್ನೇ ಕರೆಯೋ ಅಡ್ರೆಸ್), ಒಳಗಿನ ನೆಟ್‌ವರ್ಕ್ ಐಪಿಗಳು, ಕ್ಲೌಡ್ ಸರ್ವರ್‌ನ ಒಳಗಿನ ಮಾಹಿತಿ ಕೊಡೋ 169.254.169.254, ಇವಕ್ಕೆ ಪ್ರಾಕ್ಸಿ ಮೂಲಕ ಹೋಗೋಕೆ ಬಿಡ್ಬೇಡಿ, ಅದೂ ಹೆಸ್ರು ಐಪಿ ಆಗಿ ಬದಲಾದ್ಮೇಲೆ ಚೆಕ್ ಮಾಡಿ. ಆಕ್ಸೆಸ್ ಲಾಗ್ ಆಫ್ ಮಾಡಿ, ಇಲ್ದಿರೋ ಲಾಗನ್ನ ಯಾರೂ ಕಿತ್ಕೊಳ್ಳೋಕಾಗಲ್ಲ.

ಹಳೇ ಗೈಡ್‌ಗಳಲ್ಲಿ ಡೊಮೇನ್ ಫ್ರಂಟಿಂಗ್ ಅಂತ ಸಿಗತ್ತೆ, ದೊಡ್ಡ ಕಂಪನಿ ಹೆಸ್ರು ಮುಂದಿಟ್ಟು ಒಳಗಿಂದ ಬೇರೆ ಕಡೆ ಹೋಗೋದು. ಗೂಗಲ್, ಅಮೆಜಾನ್ ಎರಡೂ 2018ರಲ್ಲಿ ಅದನ್ನ ನಿಲ್ಸಿದಾರೆ, ಅದ್ರ ಹಿಂದೆ ಬಿದ್ದು ಟೈಮ್ ಹಾಳ್ಮಾಡ್ಕೋಬೇಡಿ.

ಕೊನೇದಾಗಿ ಅಡ್ರೆಸ್ ಹಂಚೋದು, ಇದ್ರಲ್ಲಿ ಜಿಪುಣರಾಗಿ. ಒಂದು ದೊಡ್ಡ ಗ್ರೂಪ್‌ಗೆ ಹಾಕಿದ್ರೆ ಸೆನ್ಸಾರ್‌ನೋರೂ ಅದೇ ಗ್ರೂಪ್‌ನಲ್ಲಿ ಇರ್ತಾರೆ. ಸೆನ್ಸಾರ್ ದಾಟಿಸೋ ಸೈಫನ್ ಅನ್ನೋ ಸಾಫ್ಟ್‌ವೇರ್ 2006ರಲ್ಲಿ ಶುರುವಾದಾಗ ಐಡಿಯಾ ಇದೇ ಇತ್ತು, ಹೊರಗಿರೋರು ತಮ್ಮ ಕಂಪ್ಯೂಟರ್‌ನಲ್ಲಿ ಹಾಕ್ಕೊಂಡು ತಮ್ಗೆ ಗೊತ್ತಿರೋ ನಂಬಿಕಸ್ತರಿಗೆ ಮಾತ್ರ ಕೊಡೋದು. ಜನ ಜಾಸ್ತಿ ಆದ್ರೆ ಗುಂಪಿಗೊಂದು ಡೊಮೇನ್, ಬೇರೆ ಬೇರೆ ಐಪಿ ಮಾಡಿ, ಆಗ ಯಾವುದು ಬ್ಲಾಕ್ ಆಯ್ತು ಅಂತ ನೋಡಿ ಎಲ್ಲಿಂದ ಸೋರ್ತು ಅಂತ ಅಂದಾಜು ಮಾಡ್ಬೋದು. ಬಳಸೋರ ದೇಶದಲ್ಲಿ ಇದಕ್ಕೆ ಶಿಕ್ಷೆ ಏನಿದೆ ಅಂತ್ಲೂ ತಿಳ್ಕೊಂಡು ಅವ್ರಿಗೆ ಹೇಳಿ. ಮತ್ತೆ ಎರಡನೇ ಅಡ್ರೆಸ್‌ನ ಬೇರೆ ಹೋಸ್ಟಿಂಗ್‌ನಲ್ಲಿ ರೆಡಿ ಮಾಡಿ ಮೊದ್ಲೇ ಕೊಟ್ಟಿಡಿ, ಮೊದಲನೇದು ಬ್ಲಾಕ್ ಆದ್ಮೇಲೆ ಅವ್ರಿಗೆ ಹೇಳೋಕೆ ದಾರಿ ಇರಲ್ಲ.