ಧ್ರುವದ ಗಾಳಿಯಲ್ಲಿನ ಧೂಳು ತೂಗುವುದು ಹೇಗೆ?

ಗೋವಾದ ವಾಸ್ಕೋದಲ್ಲಿ ಜುಲೈ ಮಳೆ. ಮಿರ್ಚಿ ಭಜಿ ತಿಂದು ಬಂದ ಧಾರವಾಡದ ಹುಡುಗ, ಧ್ರುವದ ಧೂಳು ಹಿಡಿಯಲು ಇಟ್ಟಿದ್ದ ಫಿಲ್ಟರನ್ನು ಬರಿಗೈಯಲ್ಲಿ ಎತ್ತಿಕೊಂಡ. ‘ಕೈ ತೊಳ್ಕೊಂಡೀನ್ರೀ ಸರ್’ ಅಂದ. ಆ ಫಿಲ್ಟರ್ ಕಸದ ಬುಟ್ಟಿ ಸೇರಿತು. ಇಂಥದ್ದು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸಡಾ ಗುಡ್ಡದ ಮೇಲಿನ ಧ್ರುವ ಸಂಶೋಧನಾ ಕೇಂದ್ರ ನಡೆಸುವ ‘ಹಿಮಾದ್ರಿ’ ನಿಲ್ದಾಣ 2008ರಿಂದ ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನ ನಿ-ಓಲೆಸುಂಡ್‌ನಲ್ಲಿದೆ. 79 ಡಿಗ್ರಿ ಉತ್ತರ. ಅಲ್ಲೇನು ಧೂಳು ಅಂತೀರಾ? ಚಳಿಗಾಲದ ಕೊನೆಗೆ ಯುರೋಪ್, ರಷ್ಯಾ ಕಡೆಯ ಹೊಗೆ ಅಲ್ಲಿಗೆ ತೇಲಿಬಂದು ಮಬ್ಬು ಕವಿಯುತ್ತದೆ. ಆದರೂ ನಮ್ಮ ಊರುಗಳಿಗೆ ಹೋಲಿಸಿದರೆ ಅದು ಚೂರೇ ಚೂರು. ಕಷ್ಟ ಇರುವುದೇ ಅಲ್ಲಿ.

ಕೆಲಸ ಇಷ್ಟೇ: ಫಿಲ್ಟರ್ ತೂಗಿ, ಪಂಪಿನಿಂದ ಅದರ ಮೂಲಕ ಗಾಳಿ ಎಳೆದು, ಮತ್ತೆ ತೂಗುವುದು. ಹೆಚ್ಚಿದ ತೂಕವೇ ಧೂಳು. ಮೊದಲು 47 ಮಿ.ಮೀ. ಟೆಫ್ಲಾನ್ ಫಿಲ್ಟರನ್ನು 24 ಗಂಟೆ ಒಣ, ತಂಪು ಕೋಣೆಯಲ್ಲಿಡಿ: 20–23 ಡಿಗ್ರಿ, ತೇವಾಂಶ 30–40%. ಗೋವಾದ ಮಳೆಗಾಲದಲ್ಲಿ ಎಸಿ ಒಂದೇ ಸಾಲದು, ತೇವ ಹೀರುವ ಯಂತ್ರವೂ ಬೇಕು. ಆಮೇಲೆ ಮೈಕ್ರೋಗ್ರಾಂ (ಗ್ರಾಮಿನ ಹತ್ತು ಲಕ್ಷದಲ್ಲೊಂದು ಭಾಗ) ತೋರಿಸುವ ತಕ್ಕಡಿಯಲ್ಲಿ ತೂಗಿ. ಚಿಮಟದಿಂದ ಅಂಚನ್ನಷ್ಟೇ ಹಿಡಿಯಿರಿ.

ಪಂಪಿಗೆ ಕೂರಿಸುವುದು ಸುಲಭ. ಜಾಗ ಮಾತ್ರ ನೋಡಿ ಆರಿಸಿ. ಅಲ್ಲಿನ ಊರಿಗೆ ಕರೆಂಟು ಡೀಸೆಲ್‌ನಿಂದ. ಊರಿನ ಕಡೆಯಿಂದ ಗಾಳಿ ಬೀಸಿದಾಗ ಪಂಪು ತಾನೇ ನಿಲ್ಲುವಂತೆ ಮಾಡಿ. ಇಲ್ಲದಿದ್ದರೆ ನಿಮ್ಮ ಜನರೇಟರಿನ ಹೊಗೆಯನ್ನೇ ತೂಗಿ ಬರುತ್ತೀರಿ.

ಆನ್‌ಲೈನಿನಲ್ಲಿ ಸಿಗುವ ಅಗ್ಗದ ಲೇಸರ್ ಸೆನ್ಸರ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. 0.3 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಸಣ್ಣ ಕಣ ಅದರ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಮಳೆಗಾಲದ ತೇವಕ್ಕೆ ಜಾಸ್ತಿ ತೋರಿಸುತ್ತದೆ, ಅಲ್ಲಿ ಸುಮ್ನೆ ಸೊನ್ನೆ. ಸಾಲದ್ದಕ್ಕೆ, ಇಂಥವು ಲೆಕ್ಕ ಕಳಿಸುವುದು ಹೆಚ್ಚಾಗಿ ವೈಫೈನಲ್ಲಿ; ನಿ-ಓಲೆಸುಂಡ್‌ನ ರೇಡಿಯೋ ದೂರದರ್ಶಕಕ್ಕೆ ತೊಂದರೆಯಾಗದಿರಲೆಂದು ಅಲ್ಲಿ ವೈಫೈ, ಬ್ಲೂಟೂತ್ ಎರಡಕ್ಕೂ ನಿಷೇಧ.

ಈಗ ಎಲ್ಲರೂ ಎಡವುವ ಜಾಗ. ಪಂಪು ನಿಮಿಷಕ್ಕೆ 16.7 ಲೀಟರ್ ಎಳೆದರೆ ದಿನಕ್ಕೆ 24 ಘನ ಮೀಟರ್ ಗಾಳಿ. ಪಿಎಂ 2.5ಕ್ಕೆ (ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ) ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಮುಂಬೈ ಗಾಳಿ ಆ ಮಿತಿಯಲ್ಲೇ ಇದ್ದರೂ ಫಿಲ್ಟರ್ ಮೇಲೆ 1,440 ಮೈಕ್ರೋಗ್ರಾಂ ಕೂರುತ್ತದೆ. ಧ್ರುವದಲ್ಲಿ ಘನ ಮೀಟರಿಗೆ 1 ಇದೆ ಅಂದುಕೊಳ್ಳಿ, ಸಿಗುವುದು ಬರೀ 24. ಡಬ್ಬದ ಧೂಳು, ಕೈಯ ಜಿಡ್ಡು ಸೇರಿ 10 ಆದರೆ ಲೆಕ್ಕವೇ ಕೆಟ್ಟಿತು.

ಅದಕ್ಕೇ ಖಾಲಿ ಫಿಲ್ಟರ್ ಬೇಕು. ಜನ ಅದನ್ನು ಡಬ್ಬದಲ್ಲೇ ಮುಚ್ಚಿಟ್ಟು ವಾಪಸ್ ತರುತ್ತಾರೆ. ಹಾಗಲ್ಲ! ಅದೂ ಪ್ರಯಾಣ ಮಾಡಬೇಕು, ಹಿಮದಲ್ಲಿ ಡಬ್ಬದಿಂದ ಹೊರಬರಬೇಕು, ಪಂಪಿನಲ್ಲಿ ಫಿಲ್ಟರ್ ಕೂರಿಸುವ ಜಾಗದಲ್ಲಿ ಕೂರಬೇಕು. ಪಂಪು ಮಾತ್ರ ಹಾಕಬಾರದು. ತೆಗೆದು, ಮುಚ್ಚಿ, ಊರಿಗೆ ತಂದು, ಉಳಿದವುಗಳ ಜೊತೆ ಅದೇ ದಿನ ತೂಗಿ. ಅದರಲ್ಲಿ ಹೆಚ್ಚಿದ ತೂಕವೆಲ್ಲ ನಿಮ್ಮ ಕೈಯ ಗಲೀಜು. ಅದನ್ನು ಕಳೆಯಿರಿ. ಹತ್ತಕ್ಕೆ ಒಂದು ಖಾಲಿ ಎನ್ನುವುದು ವಾಡಿಕೆ, ನಾನು ಐದಕ್ಕೊಂದು ಇಡಿಸುತ್ತೇನೆ. ಪಂಪನ್ನೂ ಒಂದು ದಿನಕ್ಕೆ ನಿಲ್ಲಿಸದೆ ಮೂರು ದಿನ ಓಡಿಸಿ. ಆಗ 24 ಇದ್ದದ್ದು 72 ಆಗುತ್ತದೆ, ಸ್ವಲ್ಪ ಉಸಿರಾಡಬಹುದು.

ಕೊನೆಗೆ ಭಾಗಾಕಾರ: ಉಳಿದ ತೂಕವನ್ನು ಎಳೆದ ಗಾಳಿಯಿಂದ ಭಾಗಿಸಿ. ಆದರೆ ಗೋವಾದ 30 ಡಿಗ್ರಿಯ ಗಾಳಿ ಮೈನಸ್ 15ಕ್ಕೆ ಇಳಿದರೆ ಸುಮಾರು 15% ಕುಗ್ಗುತ್ತದೆ. ಇಲ್ಲಿ ಸರಿ ಮಾಡಿದ, ಪಂಪು ಎಳೆದ ಗಾಳಿ ಅಳೆಯುವ ಮೀಟರನ್ನು ಅಲ್ಲಿ ಹಾಗೇ ನಂಬಬೇಡಿ. ಯಾವ ಉಷ್ಣತೆಗೆ ಲೆಕ್ಕ ಹಾಕಿದ್ದೀರಿ ಎಂದು ಪಕ್ಕದಲ್ಲಿ ಬರೆಯಿರಿ. ಪೆನ್ಸಿಲಿನಲ್ಲಿ ಬರೆಯಿರಿ, ಆ ಚಳಿಗೆ ಪೆನ್ನಿನ ಶಾಯಿ ಇಳಿಯುವುದಿಲ್ಲ.